ಫಾರಿನ್ ಕೀ ಡೇಟಾಬೇಸ್‌ನಲ್ಲೇ ಇರಬೇಕು

ದಾವಣಗೆರೆ ಎಪಿಎಂಸಿಯ ಒಂದು ದಲಾಲಿ ಅಂಗಡಿಯ ಲೆಕ್ಕಕ್ಕೆ ನಮ್ಮ ತಂಡ ರೇಲ್ಸ್ ಅನ್ನೋ ವೆಬ್ ಫ್ರೇಮ್‌ವರ್ಕ್‌ನಲ್ಲಿ ಆಪ್ ಮಾಡಿತು. ಮೆಕ್ಕೆಜೋಳ ತಂದ ರೈತರು, ಅವರ ಲಾಟ್ (ಒಮ್ಮೆ ತಂದ ಮಾಲು), ತೂಕ, ಖರೀದಿದಾರರು, ಬಿಲ್ಲು. ಟೇಬಲ್‌ಗಳು ಕಡಿಮೆ. ಅವನ್ನು ಒಂದಕ್ಕೊಂದು ಜೋಡಿಸೋದೇ ನಿಜವಾದ ಕೆಲಸ. ಒಂದು ಟೇಬಲ್‌ನಲ್ಲಿ ಬರೆದ ಐಡಿ ಇನ್ನೊಂದು ಟೇಬಲ್‌ನಲ್ಲಿ ನಿಜವಾಗಿ ಇರಲೇಬೇಕು ಅಂತ ಡೇಟಾಬೇಸೇ ಕಾಯುವ ನಿಯಮವೇ ಫಾರಿನ್ ಕೀ.

ಹಳೇ ಎಕ್ಸೆಲ್‌ನಲ್ಲಿ ಲಾಟ್ ಮುಂದೆ ರೈತರ ಹೆಸರು, ಊರು ಮಾತ್ರ ಇತ್ತು. ನಮ್ಮ ಕಡೆ ಒಂದೇ ಊರಲ್ಲಿ ಇಬ್ಬರು ಬಸವರಾಜಪ್ಪ ಇರೋದು ಮಾಮೂಲಿ ಅಲ್ವಾ? ಗುಮಾಸ್ತರು ಮುಖ ನೋಡಿ ಗುರುತಿಸುತ್ತಾರೆ, ಡೇಟಾಬೇಸ್‌ಗೆ ಐಡಿ ಬೇಕು. ಒಬ್ಬ ರೈತರಿಗೆ ಹಲವು ಲಾಟ್ ಇರುವುದರಿಂದ ರೈತರ ಐಡಿ ಲಾಟ್ ಟೇಬಲ್‌ನಲ್ಲಿ ಇರುತ್ತದೆ. ರೇಲ್ಸ್ ಕೋಡ್‌ನಲ್ಲಿ ರೈತರ ಕಡೆ 'ಹ್ಯಾಸ್ ಮೆನಿ' (ಇವರಿಗೆ ಹಲವು ಲಾಟ್), ಲಾಟ್ ಕಡೆ 'ಬಿಲಾಂಗ್ಸ್ ಟು' (ಇದು ಒಬ್ಬ ರೈತರದು) ಅಂತ ಬರೆಯುತ್ತೇವೆ. ಹೊಸಬರು 'ಹ್ಯಾಸ್ ಮೆನಿ' ಬರೆದ ಕಡೆ ಆ ಕಾಲಂ ಹುಡುಕುತ್ತಾರೆ. ಅದು ಇರೋದು 'ಬಿಲಾಂಗ್ಸ್ ಟು' ಬರೆದ ಕಡೆ.

ಮಾಡೆಲ್‌ನಲ್ಲಿ, ಅಂದರೆ ಟೇಬಲ್ ಜೊತೆ ವ್ಯವಹರಿಸುವ ರೇಲ್ಸ್ ಕೋಡ್‌ನಲ್ಲಿ, ಈ ಸಾಲು ಬರೆದರೆ ಸಾಕು ಅಂತ ಹಲವರು ಅಲ್ಲಿಗೇ ನಿಲ್ಲಿಸುತ್ತಾರೆ. ರೇಲ್ಸ್ 5ರಿಂದ 'ಬಿಲಾಂಗ್ಸ್ ಟು' ಇದ್ದರೆ ಆ ರೈತರು ಇರಲೇಬೇಕು ಅನ್ನೋ ಪರೀಕ್ಷೆ ತಾನಾಗೇ ನಡೆಯುತ್ತದೆ, ನಿಜ. ಆದರೆ ಅದು ಮಾಡೆಲ್ ಮೂಲಕ ಬಂದ ಡೇಟಾಗೆ ಮಾತ್ರ. ಹಳೇ ಎಕ್ಸೆಲ್ ಸಾಲುಗಳಿಗೆ ರೈತರ ಐಡಿ ಹಾಕಿ, ಮಾಡೆಲ್ ಬಿಟ್ಟು ನೇರವಾಗಿ ಟೇಬಲ್‌ಗೆ ತುಂಬಿದ್ದರು. ಆಮೇಲೆ ಫಾರಿನ್ ಕೀ ಹಾಕಲು ಹೋದಾಗ ನಮ್ಮ ಡೇಟಾಬೇಸ್ ಪೋಸ್ಟ್‌ಗ್ರೆಸ್ ಒಪ್ಪಲಿಲ್ಲ. ಕೆಲವು ಲಾಟ್‌ಗಳಲ್ಲಿದ್ದ ಐಡಿಯ ರೈತರೇ ಟೇಬಲ್‌ನಲ್ಲಿ ಇರಲಿಲ್ಲ!

ಲೆಫ್ಟ್ ಜಾಯಿನ್ ಹಾಕಿ (ರೈತರು ಸಿಗದಿದ್ದರೂ ಎಲ್ಲ ಲಾಟ್ ತೋರಿಸುವ ಜೋಡಣೆ), ರೈತರ ಜಾಗ ನಲ್, ಅಂದರೆ ಖಾಲಿ, ಬಂದ ಲಾಟ್‌ಗಳ ಪಟ್ಟಿ ತೆಗೆದೆವು. "ತಡೀರಿ ಮೇಡಂ, ತೂಕದ ಚೀಟಿ ನೋಡಿದ್ರೆ ಯಾರದು ಅಂತ ಗೊತ್ತಾಗುತ್ತೆ" ಅಂತ ಗುಮಾಸ್ತರು ಕಟ್ಟು ಬಿಚ್ಚಿ ಕೂತರು. ಒಂದೊಂದೇ ಲಾಟ್ ಸರಿಹೋಯಿತು. ಯಾರದೋ ಬೆಳೆಯ ದುಡ್ಡು ಅದು, ಅಂದಾಜಿನ ಮೇಲೆ ಜೋಡಿಸೋಕಾಗಲ್ಲ. ಪಟ್ಟಿ ಖಾಲಿಯಾದ ಮೇಲೆ ಫಾರಿನ್ ಕೀ ತಕರಾರಿಲ್ಲದೆ ಕೂತಿತು.

ಅಳಿಸುವಾಗ ಏನಾಗಬೇಕು ಅನ್ನೋದನ್ನೂ ಆಗಲೇ ತೀರ್ಮಾನಿಸಿ. ರೈತರ ಮೇಲೆ ಕ್ಯಾಸ್ಕೇಡ್ ಹಾಕಿದರೆ, ಒಬ್ಬರನ್ನು ಅಳಿಸಿದಾಗ ಅವರ ಲಾಟ್‌ಗಳೆಲ್ಲ ಹೋಗುತ್ತವೆ. ಕೊಟ್ಟ ದುಡ್ಡಿಗೆ ಲೆಕ್ಕವೇ ಉಳಿಯಲ್ಲ. ನಾವು ಅಲ್ಲಿ ರಿಸ್ಟ್ರಿಕ್ಟ್ ಇಟ್ಟೆವು, ಲಾಟ್ ಇರುವ ರೈತರನ್ನು ಅಳಿಸಲು ಅದು ಬಿಡಲ್ಲ. ಈಗ ಬಾರದ ರೈತರನ್ನು ಅಳಿಸೋದಿಲ್ಲ, 'ಚಾಲ್ತಿಯಲ್ಲಿಲ್ಲ' ಅಂತ ಗುರುತು ಹಾಕುತ್ತೇವೆ. ಲಾಟ್‌ನ ಒಳಗಿನ ಚೀಲವಾರು ತೂಕಕ್ಕೆ ಮಾತ್ರ ಕ್ಯಾಸ್ಕೇಡ್. ಲಾಟೇ ಇಲ್ಲದಿದ್ದರೆ ಅದಕ್ಕೆ ಅರ್ಥವಿಲ್ಲ.

ಇನ್ನೆರಡು ವಿಷಯ. ಮೈಎಸ್‌ಕ್ಯೂಎಲ್ ಡೇಟಾಬೇಸ್‌ನ ಇನ್ನೋಡಿಬಿ ಎಂಜಿನ್ ಫಾರಿನ್ ಕೀ ಕಾಲಂಗೆ ತಾನೇ ಇಂಡೆಕ್ಸ್ (ಬೇಗ ಹುಡುಕಲು ಸೂಚಿ) ಮಾಡುತ್ತದೆ, ಪೋಸ್ಟ್‌ಗ್ರೆಸ್ ಮಾಡಲ್ಲ. ಲಾಟ್ ಜಾಸ್ತಿಯಾದಂತೆ ರೈತರ ಪುಟ ನಿಧಾನವಾಗುತ್ತದೆ, ನೀವೇ ಇಂಡೆಕ್ಸ್ ಹಾಕಿ. ಎಸ್‌ಕ್ಯೂಲೈಟ್ ಅನ್ನೋ ಇನ್ನೊಂದು ಡೇಟಾಬೇಸ್‌ನಲ್ಲಂತೂ ಫಾರಿನ್ ಕೀ ತಪಾಸಣೆ ಸಾಮಾನ್ಯವಾಗಿ ಆಫ್ ಇರುತ್ತದೆ. ಪ್ರತಿ ಕನೆಕ್ಷನ್‌ಗೂ ಆನ್ ಮಾಡಬೇಕು. ರೇಲ್ಸ್ ಅದನ್ನು ತಾನೇ ಆನ್ ಮಾಡುತ್ತದೆ, ಆದರೆ ನೀವೇ ಬರೆದ ಸ್ಕ್ರಿಪ್ಟ್‌ನಿಂದ ಡೇಟಾ ತುಂಬುವಾಗ ಮೊದಲು ಅದನ್ನು ನೋಡಿಕೊಳ್ಳಿ.