ಮೂರು ಲೋಡು ಒಂದಾದದ್ದು

ಚಿಕ್ಕಮಗಳೂರಿನಲ್ಲಿರುವ ನಮ್ಮ ಅಜ್ಜನ ಮನೆಯ ಹಿಂದಿನ ಅಡುಗೆಮನೆ, ಬಚ್ಚಲು ಎರಡನ್ನೂ ಕಳೆದ ಬೇಸಿಗೆಯಲ್ಲಿ ಕೆಡವಿಸಿದೆವು. ಕೆಡವಿದ್ದು ಒಂದೇ ದಿನದಲ್ಲಿ. ಅದರ ಅವಶೇಷ ಸಾಗಿಸಲು ವಾರ ಹಿಡಿಯಿತು.

ಟ್ರ್ಯಾಕ್ಟರ್‌ನವರು ಬಂದು ರಾಶಿ ನೋಡಿದರು. "ಮೂರು ಲೋಡು ಆಗುತ್ತೆ ಅಕ್ಕ. ರಾತ್ರಿ ಕೆರೆ ಪಕ್ಕ ಸುರಿದು ಬರ್ತೀನಿ, ಯಾರೂ ಕೇಳಲ್ಲ" ಅಂದರು. ನನಗೆ ಸಿಟ್ಟು ಬಂತು. ಬಸವನಹಳ್ಳಿ ಕೆರೆ ಏರಿ ಮೇಲೆ ಅಜ್ಜನ ಕೈ ಹಿಡಿದು ಓಡಾಡಿದವಳು ನಾನು, ಅದೇ ಅಜ್ಜನ ಮನೆ ಗೋಡೆಯನ್ನು ಕೆರೆಗೆ ಹಾಕೋದಾ? ಒಬ್ಬರು ಸುರಿದರೆ ಮಾರನೇ ದಿನ ಅಲ್ಲೇ ಇನ್ನೊಬ್ಬರು ಸುರಿಯುತ್ತಾರೆ, ಮಳೆ ಬಂದಾಗ ಎಲ್ಲ ಒಳಗೆ ಕೊಚ್ಚಿಹೋಗಿ ಹೂಳಾಗುತ್ತದೆ.

ಬೇಡ ಅಂದೆ. ಮೊದಲ ಲೋಡು ಇಂದಾವರದ ಕಸ ವಿಲೇವಾರಿ ಜಾಗಕ್ಕೆ ಹೋಯಿತು, ಸ್ಕೂಟಿಯಲ್ಲಿ ಹಿಂದೆ ನಾನೂ ಹೋದೆ. ಅಲ್ಲಿದ್ದ ಹಿರಿಯರೊಬ್ಬರು ಟ್ರೇಲರ್ ಹತ್ತಿ ನೋಡಿದರು. ಇಟ್ಟಿಗೆ ನಡುವೆ ವೈರು, ಪೈಪು, ಸಿಮೆಂಟ್ ಚೀಲ. "ಹೀಗೆ ಬೆರೆಸಿದ್ರೆ ಯಾವುದಕ್ಕೂ ಬರಲ್ಲ ಕಣಮ್ಮ, ಬೇರೆ ಮಾಡಿ ತನ್ನಿ" ಅಂದರು. ಅವರು ಹೇಳಿದ್ದು ಸರಿಯೇ. ಕೆಡವಿಸಿದವರೇ ಬೇರ್ಪಡಿಸಿ ಕೊಡಬೇಕು ಅಂತ ಕಟ್ಟಡ ತ್ಯಾಜ್ಯದ 2016ರ ನಿಯಮದಲ್ಲೇ ಹೇಳಿತ್ತು. ತುಂಬಿದ ಟ್ರೇಲರ್ ಹಾಗೇ ವಾಪಸ್ ಬಂತು.

ಆಮೇಲೆ ಮೂರು ದಿನ ನಾನು, ನಮ್ಮ ಚಿಕ್ಕಪ್ಪ, ಇಬ್ಬರು ಕೂಲಿಯವರು ಕೂತು ಬೇರೆ ಮಾಡಿದೆವು. ಮಣ್ಣಲ್ಲಿ ಕಟ್ಟಿದ್ದ ಹಳೇ ಗೋಡೆಯ ಇಟ್ಟಿಗೆ ಕರಣೆಯಲ್ಲಿ ತಟ್ಟಿದರೆ ಸಾಕು, ಇಡೀ ಬಿಡಿಸಿಕೊಂಡು ಬರುತ್ತಿತ್ತು. ಸಿಮೆಂಟಲ್ಲಿ ಕಟ್ಟಿದ್ದ ಬಚ್ಚಲಿನದು ಮಾತ್ರ ಚೂರುಚೂರು. ಅಜ್ಜ ಹೊದಿಸಿದ್ದ ಮಂಗಳೂರು ಹೆಂಚಿನಲ್ಲಿ ಅರ್ಧಕ್ಕಿಂತ ಜಾಸ್ತಿ ಗಟ್ಟಿಯಾಗಿತ್ತು, ತೋಟದ ನೆಂಟರು ಕೊಟ್ಟಿಗೆಗೆ ಅಂತ ಒಯ್ದರು. ಕಬ್ಬಿಣ ಗುಜರಿಗೆ. ಬಣ್ಣ ಬಳಿದ ಹಳೇ ಬಾಗಿಲನ್ನು ಒಲೆಗೆ ಹಾಕಲು ಬಿಡಲಿಲ್ಲ, ಹಳೇ ಪೇಂಟಿನಲ್ಲಿ ಸೀಸ ಇರಬಹುದು ಅಂತ. ಒಡೆದ ಇಟ್ಟಿಗೆ, ಗಾರೆಯನ್ನು ಪಕ್ಕದ ಬೀದಿಯವರು ಪಾಯ ತುಂಬಲು ಕೇಳಿ ತಗೊಂಡರು.

ಕೊನೆಗೆ ಇಂದಾವರಕ್ಕೆ ಹೋದದ್ದು ಒಂದೇ ಲೋಡು.

ಬಚ್ಚಲಿನ ಮೇಲಿದ್ದ ಎರಡು ಆಸ್ಬೆಸ್ಟಾಸ್ ಶೀಟು ಮಾತ್ರ ಇನ್ನೂ ಹಿತ್ತಲಲ್ಲೇ ಇವೆ. ಅದರ ಧೂಳು ಉಸಿರಲ್ಲಿ ಹೋದರೆ ಶ್ವಾಸಕೋಶದ ಕ್ಯಾನ್ಸರ್ ಬರಬಹುದು, ಹಾಗಾಗಿ ಒಡೆಯದೆ, ನೀರು ಚಿಮುಕಿಸಿ, ದಪ್ಪ ಪ್ಲಾಸ್ಟಿಕ್‌ನಲ್ಲಿ ಸುತ್ತಿ ಇಟ್ಟಿದ್ದೇವೆ. ಎಲ್ಲಿಗೆ ಕೊಡಬೇಕು ಅಂತ ಅರ್ಜಿ ಬರೆದಿದ್ದೇನೆ. ಉತ್ತರ ಬರುವವರೆಗೆ ಆ ಕಡೆ ಮಕ್ಕಳನ್ನು ಬಿಡುತ್ತಿಲ್ಲ.