ಒಂದು ಪೋಸ್ಟ್‌ಗೆ ಕೆಲಸದಿಂದ ತೆಗೀತಾರಾ ಮೇಡಂ?

"ಸುಮ್ನೆ ಒಂದು ಪೋಸ್ಟ್ ಹಾಕಿದ್ದೆ ಮೇಡಂ, ಅಷ್ಟಕ್ಕೇ ಕೆಲಸದಿಂದ ತೆಗೀಬಹುದಾ?"

ನಾನು ಕಾರ್ಮಿಕ ಕೇಸು ನಡೆಸುವ ವಕೀಲೆ ಅಂತ ಗೊತ್ತಾದ ಕೂಡಲೇ ಜನ ಕೇಳುವುದು ಇದನ್ನೇ. ಬಸ್ಸಿನಲ್ಲಿ ಕೇಳುತ್ತಾರೆ. ಮದುವೆ ಮನೆಯಲ್ಲಿ ಕೇಳುತ್ತಾರೆ. ಹಲ್ಲಿನ ಡಾಕ್ಟರ್ ನನ್ನ ಬಾಯಿ ತೆರೆಸಿಟ್ಟುಕೊಂಡೇ ಕೇಳಿದ್ದಾರೆ. ಅವರ ತಮ್ಮನ ವಿಷಯವಂತೆ. ಹೇಳಿ ಹೇಳಿ ಸಾಕಾಗಿದೆ, ಅದಕ್ಕೇ ಒಮ್ಮೆ ಬರೆದಿಡುತ್ತಿದ್ದೇನೆ.

ತೆಗೀಬಹುದು. ಆದರೆ ಕಂಪನಿಗೆ ಬೇಕಾದ ಹಾಗೆ ತೆಗೆಯುವುದಕ್ಕೆ ಆಗುವುದಿಲ್ಲ.

ಮೊದಲು ಆ 'ಸುಮ್ನೆ' ಬಿಡಿ. ಯಾರೂ ಸುಮ್ನೆ ಬರೆಯುವುದಿಲ್ಲ. ಓಟಿ ದುಡ್ಡು ಬಂದಿರುವುದಿಲ್ಲ, ರಜೆ ಕೊಟ್ಟಿರುವುದಿಲ್ಲ, ಎಲ್ಲರ ಎದುರು ಬೈಸಿಕೊಂಡಿರುತ್ತೀರಿ. ಸಿಟ್ಟು ಬಂದು ಬರೆಯುತ್ತೀರಿ. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ನನ್ನ ಮುಂದೆ ಕೂತು ಅದನ್ನು ಸಣ್ಣದು ಮಾಡಬೇಡಿ. ಏನು ಬರೆದಿರಿ, ಎಲ್ಲಿ ಬರೆದಿರಿ, ಯಾರು ನೋಡಿದರು, ಅಷ್ಟು ಹೇಳಿ.

'ಎಲ್ಲಿ' ಅನ್ನೋದು ದೊಡ್ಡ ವಿಷಯ. ತಮಿಳುನಾಡಿನ ಒಂದು ಗ್ರಾಮೀಣ ಬ್ಯಾಂಕಿನ ನೌಕರರೊಬ್ಬರು ಸಹೋದ್ಯೋಗಿಗಳ ವಾಟ್ಸಾಪ್ ಗ್ರೂಪಿನಲ್ಲಿ ಮೇಲಿನವರನ್ನು ಟೀಕಿಸಿದ್ದರು. ಬ್ಯಾಂಕು ಚಾರ್ಜ್ ಮೆಮೊ, ಅಂದರೆ ಆರೋಪ ಪತ್ರ ಕೊಟ್ಟಿತು. 2023ರ ಆಗಸ್ಟ್‌ನಲ್ಲಿ ಮದ್ರಾಸ್ ಹೈಕೋರ್ಟ್ ಅದನ್ನು ರದ್ದು ಮಾಡಿತು. ನೌಕರನಿಗೆ ಸಿಟ್ಟು ಹೊರಹಾಕುವ ಹಕ್ಕಿದೆ, ಸಂಸ್ಥೆಯ ಹೆಸರಿಗೆ ಪೆಟ್ಟು ಬಿದ್ದಾಗ ಮಾತ್ರ ಆಡಳಿತ ಮಧ್ಯೆ ಬರಬಹುದು ಅಂತ ಹೇಳಿತು. ಅದೇ ವರ್ಷ ಡಿಸೆಂಬರ್‌ನಲ್ಲಿ ಬಾಂಬೆ ಹೈಕೋರ್ಟ್ ಮುಂದೆ ಇನ್ನೊಂದು ಕೇಸು ಬಂತು. ಸಂಬಳದ ಒಪ್ಪಂದದ ಜಗಳದಲ್ಲಿ ಕಾರ್ಮಿಕನೊಬ್ಬ ಕಂಪನಿ ವಿರುದ್ಧ ಫೇಸ್‌ಬುಕ್‌ನಲ್ಲಿ ಬರೆದಿದ್ದ. ಅಲ್ಲಿ ಕೋರ್ಟು ಕಂಪನಿ ಕಡೆ ನಿಂತಿತು. ಒಂದು ನಾಲ್ಕು ಗೋಡೆಯ ಒಳಗಿನ ಮಾತು, ಇನ್ನೊಂದು ರಸ್ತೆಯಲ್ಲಿ ನಿಂತು ಕೂಗಿದ ಮಾತು.

ಇಷ್ಟು ಹೇಳುವಷ್ಟರಲ್ಲಿ ಯಾರಾದರೂ ಮಾತಿನ ಸ್ವಾತಂತ್ರ್ಯ ಕೊಡುವ ಸಂವಿಧಾನದ 19ನೇ ವಿಧಿ ತರುತ್ತಾರೆ. ಆ ಹಕ್ಕು ಮುಖ್ಯವಾಗಿ ಸರ್ಕಾರದ ಎದುರು ನಿಲ್ಲುವಂಥದ್ದು. ಸರ್ಕಾರಿ ನೌಕರರಿಗೆ ಅದು ಕೆಲಸಕ್ಕೆ ಬಂದಿದೆ. ತ್ರಿಪುರಾದಲ್ಲಿ ನಿವೃತ್ತಿಗೆ ಕೆಲವೇ ದಿನ ಇದ್ದ ನೌಕರೆಯೊಬ್ಬರನ್ನು ಫೇಸ್‌ಬುಕ್ ಪೋಸ್ಟ್ ಮತ್ತು ರಾಜಕೀಯ ಸಭೆಯ ಕಾರಣಕ್ಕೆ ಸಸ್ಪೆಂಡ್ ಮಾಡಿದ್ದರು. 2020ರಲ್ಲಿ ಅಲ್ಲಿನ ಹೈಕೋರ್ಟ್ ಅವರ ಪರವಾಗಿ ತೀರ್ಪು ಕೊಟ್ಟಿತು. ಖಾಸಗಿ ಕಂಪನಿಯಲ್ಲಿ ನಿಮ್ಮನ್ನು ಕಾಯುವುದು ಸ್ಥಾಯಿ ಆದೇಶ (ಸ್ಟ್ಯಾಂಡಿಂಗ್ ಆರ್ಡರ್), ಅಂದರೆ ಆ ಕೆಲಸದ ಜಾಗದ ಲಿಖಿತ ನಿಯಮಗಳು. 2025ರ ನವೆಂಬರ್ 21ರಿಂದ ಜಾರಿಯಲ್ಲಿರುವ ಕೈಗಾರಿಕಾ ಸಂಬಂಧ ಸಂಹಿತೆಯ ಪ್ರಕಾರ 300 ಅಥವಾ ಅದಕ್ಕಿಂತ ಜಾಸ್ತಿ ಕಾರ್ಮಿಕರಿರುವ ಕಡೆ ಅದು ಇರಲೇಬೇಕು. ಯಾವುದು ದುರ್ನಡತೆ ಅಂತ ಅದರಲ್ಲಿ ಪಟ್ಟಿ ಇರುತ್ತದೆ. ಪಟ್ಟಿಯಲ್ಲಿ ಇಲ್ಲದ್ದಕ್ಕೆ ಶಿಕ್ಷೆ ಕೊಡುವ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ ನಲವತ್ತು ವರ್ಷದ ಹಿಂದೆಯೇ ಹೇಳಿದೆ. ಇದ್ದರೂ ಚಾರ್ಜ್‌ಶೀಟ್ ಕೊಡಬೇಕು, ಉತ್ತರಕ್ಕೆ ಸಮಯ ಕೊಡಬೇಕು, ವಿಚಾರಣೆ ನಡೆಸಬೇಕು. ಸಸ್ಪೆಂಡ್ ಮಾಡಿದರೆ ಮೊದಲ 90 ದಿನ ಅರ್ಧ ಸಂಬಳ ಕೊಡಬೇಕು.

ಇದೆಲ್ಲ ಕಂಪನಿಗೆ ತಲೆನೋವು. ಅದಕ್ಕೇ ಅವರು ತೆಗೆಯುವುದೇ ಇಲ್ಲ. ನಿಮ್ಮ ಕೈಯಲ್ಲೇ ಬರೆಸಿಕೊಳ್ಳುತ್ತಾರೆ. "ರಾಜೀನಾಮೆ ಕೊಡು ಅಂತಿದ್ದಾರೆ, ಕೊಡಲಾ?" ಈ ಪ್ರಶ್ನೆಯನ್ನು ನೀವು ಕೇಳಬೇಕು ಅಂತ ನಾನು ವರ್ಷಗಳಿಂದ ಕಾಯುತ್ತಿದ್ದೇನೆ. ಸಹಿ ಹಾಕುವ ಮುಂಚೆ.

ಒಬ್ಬ ಹೆಂಗಸು ಬಂದಿದ್ದರು. ಗಾರ್ಮೆಂಟ್ಸ್‌ನಲ್ಲಿ ಟೈಲರ್, ಒಂಬತ್ತು ವರ್ಷ ಅದೇ ಫ್ಯಾಕ್ಟರಿ. ಕುಡಿಯುವ ನೀರಿನ ಡ್ರಮ್ಮಿನ ಫೋಟೋ ಹಿಡಿದು ವಾಟ್ಸಾಪ್ ಸ್ಟೇಟಸ್ ಹಾಕಿದ್ದರು. ಕೆಳಗೆ ಒಂದೇ ಸಾಲು: "ಇದನ್ನ ನಿಮ್ಮ ಮಕ್ಕಳಿಗೆ ಕುಡಿಸ್ತೀರಾ?" ಸ್ಟೇಟಸ್ 24 ಗಂಟೆಗೆ ಹೋಯಿತು, ಯಾರೋ ತೆಗೆದ ಸ್ಕ್ರೀನ್‌ಶಾಟ್ ಉಳಿಯಿತು. ಮಾರನೇ ದಿನ ಎಚ್‌ಆರ್ ರೂಮಿಗೆ ಕರೆದರು. ಫೋನ್ ಈಸಿಕೊಂಡು ಮೇಜಿನ ಮೇಲೆ ಕವುಚಿ ಹಾಕಿಸಿದರು. ಟೈಪು ಮಾಡಿದ ಇಂಗ್ಲಿಷ್ ಹಾಳೆ ಮೊದಲೇ ರೆಡಿ ಇತ್ತು. ಪೆನ್ನಿನ ಮುಚ್ಚಳ ತೆಗೆದು ಕೈಗೆ ಕೊಟ್ಟರಂತೆ. "ಪೊಲೀಸ್ ಕಂಪ್ಲೇಂಟ್ ಬೇಡ ಅಂದ್ರೆ ಸಹಿ ಹಾಕಮ್ಮಾ, ಪಿಎಫ್ ಎಲ್ಲ ಸಲೀಸಾಗಿ ಆಗುತ್ತೆ."

ಹನ್ನೊಂದು ದಿನ ಬಿಟ್ಟು ನನ್ನ ಹತ್ತಿರ ಬಂದಾಗ ಆ ಹಾಳೆಯ ಜೆರಾಕ್ಸ್ ಅವರ ಬ್ಯಾಗಿನಲ್ಲಿತ್ತು. ಸ್ವಂತ ಕಾರಣಕ್ಕೆ, ಸ್ವಇಚ್ಛೆಯಿಂದ, ಇಂದಿನಿಂದಲೇ ಕೆಲಸ ಬಿಡುತ್ತಿದ್ದೇನೆ ಅಂತ ಅದರಲ್ಲಿತ್ತು. ನಾನು ಕನ್ನಡದಲ್ಲಿ ಓದಿ ಹೇಳಿದೆ. "ನಾನೆಲ್ಲಿ ಹಂಗಂದೆ ಮೇಡಂ?" ಅಂದರು. ಕಾರ್ಮಿಕ ಇಲಾಖೆಯ ಸಂಧಾನದಲ್ಲಿ ಕಂಪನಿಯವರು ಒಂದೇ ಮಾತು ಹೇಳಿದರು: ನಾವು ತೆಗೆದೇ ಇಲ್ಲ, ಅವರೇ ಬಿಟ್ಟರು. ಹೆದರಿಸಿ ಸಹಿ ಹಾಕಿಸಿಕೊಂಡರು ಅಂತ ಸಾಬೀತು ಮಾಡುವ ಹೊರೆ ಆ ಟೈಲರ್ ಮೇಲೆ ಬಿತ್ತು. ರೂಮಿನಲ್ಲಿ ಇದ್ದವರು ಮೂರು ಜನ. ಇಬ್ಬರು ಕಂಪನಿಯವರು. ಪಟ್ಟಿ, ಚಾರ್ಜ್‌ಶೀಟ್, ವಿಚಾರಣೆ ಯಾವುದೂ ಚರ್ಚೆಗೇ ಬರಲಿಲ್ಲ. ನೀರು ಹೇಗಿತ್ತು ಅಂತ ಯಾರೂ ಕೇಳಲೂ ಇಲ್ಲ. ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಸಹಿ ಹಾಕಿಬಿಟ್ಟಿದ್ದರೂ ನೋಟಿಸ್ ಪಿರಿಯಡ್ ಇನ್ನೂ ಇದ್ದರೆ ದಾರಿ ಇದೆ. ರಾಜೀನಾಮೆ ಒಪ್ಪಿಕೊಂಡಿದ್ದರೂ ಬಿಡುಗಡೆಯ ದಿನ ಬರುವ ಮುಂಚೆ ವಾಪಸ್ ತೆಗೆದುಕೊಂಡ ನೌಕರರೊಬ್ಬರ ಪರವಾಗಿ, ಬೆಂಗಳೂರಿನ ಸರ್ಕಾರಿ ಕಂಪನಿ ಬಿಇಎಂಎಲ್ ಕೇಸಿನಲ್ಲಿ, ಸುಪ್ರೀಂ ಕೋರ್ಟ್ 2005ರಲ್ಲಿ ತೀರ್ಪು ಕೊಟ್ಟಿದೆ. ರಾಜೀನಾಮೆ ವಾಪಸ್ ತೆಗೆದುಕೊಳ್ಳುತ್ತಿದ್ದೇನೆ ಅಂತ ಅವತ್ತೇ ಇಮೇಲ್ ಕಳಿಸಿ, ಸ್ಪೀಡ್ ಪೋಸ್ಟನ್ನೂ ಹಾಕಿ. 'ಇಂದಿನಿಂದಲೇ' ಅನ್ನುವ ಪದಕ್ಕೆ ಸಹಿ ಬಿದ್ದಿದ್ದರೆ ಆ ದಾರಿ ಬಹಳ ಕಷ್ಟ.

ಈಗ ಯಾರು ಕೇಳಿದರೂ ನಾನು ಮೊದಲು ತಿರುಗಿ ಕೇಳುವುದು, "ಸಹಿ ಹಾಕಿದ್ದೀರಾ?" ಹೋದ ವಾರ ಮದುವೆಯಲ್ಲಿ ನೆಂಟರ ಹುಡುಗ ಪಕ್ಕ ಬಂದು ನಿಂತ. ಕಂಪನಿಯ ಲೇಆಫ್ ಬಗ್ಗೆ ಲಿಂಕ್ಡ್‌ಇನ್‌ನಲ್ಲಿ ಬರೆದಿದ್ದನಂತೆ.

"ಇಲ್ಲ ಅತ್ತೆ. ನಾಳೆ ಹತ್ತು ಗಂಟೆಗೆ ಬರೋಕೆ ಹೇಳಿದ್ದಾರೆ. ಲೆಟರ್ ರೆಡಿ ಇದೆಯಂತೆ."

ಛತ್ರದ ಮೆಟ್ಟಿಲ ಮೇಲೆ ಕೂತು ಅವನ ಫೋನಿನಲ್ಲೇ ಬರೆಸಿದೆ. ನನ್ನ ಮೇಲೆ ಆರೋಪ ಇದ್ದರೆ ಬರವಣಿಗೆಯಲ್ಲಿ ಕೊಡಿ. ಉತ್ತರ ಕೊಡುತ್ತೇನೆ. ರಾಜೀನಾಮೆ ಕೊಡುವ ಉದ್ದೇಶ ನನಗಿಲ್ಲ. ಅವನು ಎರಡು ಸಲ ಓದಿ ಕಳಿಸಿದ, ಆಮೇಲೆ ಊಟಕ್ಕೆ ಹೋದ.