ಮೇಷ್ಟ್ರು ಎಣಿಸಲು ಕಲಿಸಿದ ಏರಿಳಿತ

ಮೇಷ್ಟ್ರು ತೀರಿಕೊಂಡ ಸುದ್ದಿ ಬಂದಾಗ ನಾನು ಒಂದು ಫೈಬರನ್ನು, ಅಂದರೆ ಬೆಳಕು ಸಾಗಿಸುವ ಗಾಜಿನ ಎಳೆಯನ್ನು, ಬೆಳಕಿನಿಂದ ಕೆಲಸ ಮಾಡುವ ಚಿಪ್‌ನ ಅಂಚಿಗೆ ಜೋಡಿಸುತ್ತಿದ್ದೆ. ಆ ಕೆಲಸಕ್ಕೆ ನನ್ನ ಕೈ ಪಳಗಿಸಿದವರೇ ಅವರು.

ಅವರು ಬರೆಸಿದ ಸಮೀಕರಣಗಳಲ್ಲಿ ಬಹುಪಾಲು ಮರೆತುಹೋಗಿವೆ. ಸೂಕ್ಷ್ಮದರ್ಶಕದ ಮೇಲೆ ಬಾಗಿ, ಉಸಿರನ್ನು ಪಕ್ಕಕ್ಕೆ ಬಿಡುತ್ತ ತಿರುಪು ತಿರುಗಿಸುತ್ತಿದ್ದ ಅವರ ಬೆರಳುಗಳು ಮಾತ್ರ ಕಣ್ಣ ಮುಂದಿವೆ. ಫೈಬರಿನ ಹೊರ ವ್ಯಾಸ 125 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್), ಬೆಳಕು ಸಾಗುವ ತಿರುಳು ಸುಮಾರು 9 ಮೈಕ್ರಾನ್. ಎದುರಿನ ವೇವ್‌ಗೈಡ್‌ಗೂ, ಅಂದರೆ ಚಿಪ್‌ನೊಳಗೆ ಬೆಳಕು ಸಾಗುವ ದಾರಿಗೂ, ಅಷ್ಟೇ ಅಗಲವಿದ್ದರೂ, ಎರಡೂವರೆ ಮೈಕ್ರಾನ್ ಪಕ್ಕಕ್ಕೆ ಸರಿದರೆ ಐದರಲ್ಲೊಂದು ಪಾಲು ಬೆಳಕು ನಷ್ಟ.

ಪಕ್ಕಕ್ಕೆ ಸರಿದದ್ದನ್ನು ಬೆಳಕಿನ ಪ್ರಮಾಣ ಅಳೆಯುವ ಪವರ್ ಮೀಟರ್ ಹೇಳಿಬಿಡುತ್ತದೆ. ನಡುವಿನ ಅಂತರವೇ ಕಷ್ಟ. ಫೈಬರಿನ ತುದಿಯಿಂದಲೂ ಚಿಪ್‌ನ ಅಂಚಿನಿಂದಲೂ ಮರಳುವ ಬೆಳಕು ಒಂದರೊಡನೊಂದು ಬೆರೆತು, ಅಂತರ ಬದಲಾದಂತೆ ಏರುತ್ತದೆ, ಇಳಿಯುತ್ತದೆ. 1550 ನ್ಯಾನೊಮೀಟರ್ ತರಂಗಾಂತರದ ಲೇಸರಿಗೆ ಒಂದು ಏರಿಳಿತವೆಂದರೆ ಅಂತರದಲ್ಲಿ ಅದರ ಅರ್ಧ, 775 ನ್ಯಾನೊಮೀಟರ್, ಮುಕ್ಕಾಲು ಮೈಕ್ರಾನಿಗಿಂತ ತುಸು ಹೆಚ್ಚು. "ಅಳತೆಗೋಲು ಬೆಳಕಿನೊಳಗೇ ಇದೆ, ಎಣಿಸಿರಯ್ಯ" ಎನ್ನುತ್ತಿದ್ದರು.

ಒಮ್ಮೆ ಸಹಪಾಠಿಯೊಬ್ಬ ಎಣಿಸುತ್ತಿದ್ದಾಗ ನಾವಿಬ್ಬರು ಅವನಿಗೆ ಕಾಣದಂತೆ ಫೈಬರನ್ನು ಹಿಡಿದಿದ್ದ ಅಲ್ಯೂಮಿನಿಯಂ ಪೀಠಕ್ಕೆ ಅಂಗೈ ಒತ್ತಿ ನಿಂತೆವು. ಅವನು ತಿರುಪು ಮುಟ್ಟದಿದ್ದರೂ ಏರಿಳಿತ ಜಾರತೊಡಗಿತು. ಮೂರು ಬಾರಿ ಮೊದಲಿನಿಂದ ಎಣಿಸಿದ ಪಾಪದ ಹುಡುಗ ಅಳುವಂತಾದ. ಅಷ್ಟರಲ್ಲಿ ಮೇಷ್ಟ್ರು ಬಂದರು, ನಮ್ಮ ಕೈಗಳನ್ನು ನೋಡಿದರು. ಗದರಲಿಲ್ಲ. "10 ಸೆಂಟಿಮೀಟರ್ ಅಲ್ಯೂಮಿನಿಯಂ ಒಂದು ಡಿಗ್ರಿ ಬಿಸಿಯಾದರೆ ಎಷ್ಟು ಹಿಗ್ಗುತ್ತದೆ?" ಎಂದು ಕೇಳಿದರು. ಲೆಕ್ಕ ಹಾಕಿದೆವು: 2.3 ಮೈಕ್ರಾನ್, ಸರಿಸುಮಾರು ಮೂರು ಏರಿಳಿತ. "ಹಾಗಾದರೆ ನಿಮ್ಮ ಅಂಗೈ ಎಷ್ಟು ಬಿಸಿ ಮಾಡಿತೆಂದು ಎಣಿಸಿ ಹೇಳಿ" ಎಂದು ಅವನನ್ನು ಮನೆಗೆ ಕಳುಹಿಸಿ, ನಮ್ಮನ್ನು ಕತ್ತಲಾಗುವವರೆಗೆ ಕೂರಿಸಿದರು. ಅಷ್ಟು ಚೆನ್ನಾಗಿ ನಾನು ಬೇರೆ ಯಾವ ಪಾಠವನ್ನೂ ಕಲಿಯಲಿಲ್ಲ.

ಈಗ ಯಂತ್ರವೇ ಕೆಲವು ಕ್ಷಣಗಳಲ್ಲಿ ಸರಿಯಾದ ಜಾಗ ಹುಡುಕುತ್ತದೆ, ವಿದ್ಯಾರ್ಥಿಗಳು ಪರದೆಯ ಮೇಲಿನ ಅಂಕಿಯನ್ನು ಬರೆದುಕೊಳ್ಳುತ್ತಾರೆ. ಯಂತ್ರದ ಮೇಲೆ ನನಗೆ ಮುನಿಸಿಲ್ಲ. ಆದರೆ ಫೈಬರನ್ನು ಚಿಪ್‌ಗೆ ಕೂರಿಸುವ ಅಂಟು ಗಟ್ಟಿಯಾಗುವಾಗ ಕುಗ್ಗಿ ಅದನ್ನು ಎಳೆದರೆ, ಬೆಳಕು ಎಲ್ಲಿ ಕಳೆಯಿತೆಂದು ಎಂದೂ ಎಣಿಸದವರಿಗೆ ಹೊಳೆಯುವುದಾದರೂ ಹೇಗೆ? ನನ್ನ ತಂಡಕ್ಕೆ ಸೇರುವವರು ಮೊದಲ ವಾರ ಕೈಯಿಂದಲೇ ಜೋಡಿಸಬೇಕು. ನಮ್ಮ ಜೋಡಣೆಗಳು ವರ್ಷಗಟ್ಟಲೆ ಕದಲದೆ ನಿಂತಿವೆ ಎಂದು ಹೆಮ್ಮೆಯಿಂದಲೇ ಹೇಳುತ್ತೇನೆ.

ಸುದ್ದಿ ಕೇಳಿದ ಆ ದಿನ ಎಷ್ಟು ಹೊತ್ತು ಸುಮ್ಮನೆ ಕುಳಿತಿದ್ದೆನೋ. ಪರದೆಯ ಮೇಲೆ ಗೆರೆ ತಾನಾಗಿಯೇ ಮೆಲ್ಲಗೆ ಏರಿ ಇಳಿಯುತ್ತಿತ್ತು. ನೋಡಿದರೆ ನನ್ನ ಅಂಗೈ ಪೀಠದ ಮೇಲೆಯೇ ಇತ್ತು. ಮೂರು ಏರಿಳಿತ ಎಣಿಸಿ ಕೈ ತೆಗೆದೆ.